ಅಬ್ಬಾರ ಹಾರ್ನು, ನನ್ನ ಕೋಯಾಕ್ಸಿಯಲ್ಲು

ಮಳೆಗಾಲಕ್ಕೆ ಮುಂಚೆ ಗುಜರಿ ಮಾರಿ ಅಂಗಡಿ ಹಗುರ ಮಾಡಿಕೊಳ್ಳುವುದು ನಮ್ಮ ರೂಢಿ. ಸ್ಪೀಕರಿನ ಸುಟ್ಟ ಕಾಯಿಲ್, ಹರಿದ ಕಾಗದದ ಕೋನ್, ಸತ್ತ ಟ್ವೀಟರ್ ಎಲ್ಲ ಬೀಳುವುದು ಒಂದೇ ಎಣ್ಣೆ ಡಬ್ಬಿಗೆ. ಆ ಸಲ ಡಬ್ಬಿ ಬೇಗ ತುಂಬಿತ್ತು. ತಾಮ್ರ ಬೇರೆ, ಮ್ಯಾಗ್ನೆಟ್ ಬೇರೆ ಮಾಡಲು ಕೂತವಳು ಯಾಕೋ ಒಂದು ಟ್ವೀಟರ್ ಎತ್ತಿ ಆಂಪ್ಲಿಫೈಯರಿಗೆ ಹಚ್ಚಿ ನೋಡಿದೆ. ಅದು ಹಾಡಿತು. ಇನ್ನೊಂದನ್ನು ಹಚ್ಚಿದೆ, ಅದೂ ಹಾಡಿತು. ಅದರ ಮಗ್ಗುಲಲ್ಲಿದ್ದದ್ದು ನಿಜವಾಗಿಯೂ ಸತ್ತಿತ್ತು, ಆದರೆ ಅದರ ಕೆಳಗಿನವು ಮತ್ತೆ ಹಾಡಿದವು. ಡಬ್ಬಿಯಲ್ಲಿ ಸತ್ತವುಗಳಿಗಿಂತ ಬದುಕಿದ್ದವೇ ಹೆಚ್ಚಿದ್ದವು. ಅವನ್ನೆಲ್ಲ ಕಿವಿಯ ಹತ್ತಿರ ಹಿಡಿದು, ತಲೆಯಾಡಿಸಿ, "ಹೋಗೈತಿ ಇದು" ಎಂದು ಎಸೆದವರು ನಮ್ಮ ಅಬ್ಬಾ.

ಸಿಂಧನೂರಿನಲ್ಲಿ ನಮ್ಮ ಸ್ಪೀಕರ್ ರಿಪೇರಿ ಅಂಗಡಿ ನಿಂತಿರುವುದೇ ಅಬ್ಬಾರ ಕಿವಿಯ ಮೇಲೆ. ನನ್ನದು ಬೆರಳಿನ ಕೆಲಸ: ಕಾಯಿಲ್ ಸುತ್ತುವುದು, ಕೋನ್ ಅಂಟಿಸುವುದು, ಬಾಕ್ಸಿಗೆ ಪ್ಲೈವುಡ್ ಅಳೆದು ಕೊಯ್ಯಿಸುವುದು. ಎಲ್ಲ ಮುಗಿದ ಮೇಲೆ ಬಾಕ್ಸಿಗೆ ಜೀವ ತುಂಬುವವರು ಅಬ್ಬಾ. ಊರಿನವರು ಅವರನ್ನು ಉಸ್ತಾದ್ ಎನ್ನುತ್ತಾರೆ. ಮನೆಯಲ್ಲಿ ನಮ್ಮದು ದಖನಿ ಮಾತು. ಅಂಗಡಿಯಲ್ಲಿ ಮಾತ್ರ ಕನ್ನಡವೇ ಆಗಬೇಕು, ಗಿರಾಕಿಗೆ ತಿಳಿಯದ ಮಾತು ಅವನೆದುರು ಆಡಬಾರದು ಎಂಬುದು ಅವರ ಕಟ್ಟಳೆ.

ಅವರು ಟ್ಯೂನಿಂಗ್ ಮಾಡುವ ರೀತಿಯೂ ಒಂದು ಕಟ್ಟಳೆಯೇ. ಬಾಕ್ಸನ್ನು ಅಂಗಡಿಯ ಕಟ್ಟೆಯ ಮೇಲಿಟ್ಟು ಮೈಕನ್ನು ನನ್ನ ಕೈಗೆ ಕೊಡುತ್ತಾರೆ. ತಾವು ರಸ್ತೆ ದಾಟಿ, ಎದುರಿನ ಪಂಕ್ಚರ್ ಅಂಗಡಿಯ ಮುಂದೆ ನಿಲ್ಲುತ್ತಾರೆ. ನಾನು ಮೈಕಿನಲ್ಲಿ, "ಬಿಸಿ ಬಿಸಿ ಸಾಸ್ವಿ, ಹಸಿ ಹಸಿ ಹುಣಸಿ" ಎನ್ನುತ್ತಿರಬೇಕು. ಇದು ಅವರೇ ಕಟ್ಟಿದ ಮಾತು. ಮಾತಿನಲ್ಲಿ ಸಕಾರ ಬಂದಾಗಲೆಲ್ಲ ಕೆಲಸ ಬೀಳುವುದು ಟ್ವೀಟರಿಗೆ ಇಲ್ಲವೇ ಹಾರ್ನಿಗೆ. ಚೂಪಾದ ಸಣ್ಣ ಸ್ವರವೆಲ್ಲ ಅವುಗಳ ಪಾಲು, ದಪ್ಪ ಸ್ವರ ವೂಫರಿನ ಪಾಲು. ಎರಡಕ್ಕೂ ಸ್ವರ ಹಂಚಿಕೊಡುವ ಕ್ರಾಸೋವರ್ ಎಂಬ ಡಬ್ಬಿಯ ಮೇಲೆ ಒಂದೊಂದಕ್ಕೂ ಬೇರೆ ನಾಬ್ ಇರುತ್ತದೆ. ನನ್ನ ಇನ್ನೊಂದು ಕೈ ಹಾರ್ನಿನ ನಾಬಿನ ಮೇಲೆ. ರಸ್ತೆಯ ಆಚೆ ಅಬ್ಬಾ ಕೈ ಎತ್ತಿದರೆ ಏರಿಸಬೇಕು, ಅಂಗೈ ತೋರಿಸಿದರೆ ನಿಲ್ಲಿಸಬೇಕು. ಅಲ್ಲಿಗೆ ಮುಗಿಯಿತು, ಆ ನಾಬನ್ನು ಆಮೇಲೆ ದೇವರೂ ಮುಟ್ಟುವಂತಿಲ್ಲ.

ಕೆಲವು ವರ್ಷಗಳಿಂದ ಆ ಕೈ ಕೆಳಗಿಳಿಯುವುದನ್ನೇ ಮರೆತಿತ್ತು. ನಾನು ಏರಿಸುತ್ತಿದ್ದೆ, ಅವರು ಇನ್ನೂ ಎತ್ತುತ್ತಿದ್ದರು. ಪಂಕ್ಚರ್ ಅಂಗಡಿಯವನು ಟೈರಿನ ಮೇಲೆ ಕೂತಲ್ಲೇ ಹೆಗಲಿಗೆ ಕಿವಿ ಒತ್ತಿಕೊಳ್ಳುವುದು ನನಗೆ ಕಾಣುತ್ತಿತ್ತು. ನೋಡಿಯೂ ಅರ್ಥ ಮಾಡಿಕೊಂಡಿರಲಿಲ್ಲ. ಗುಜರಿ ಡಬ್ಬಿ ಅರ್ಥ ಮಾಡಿಸಿತು. ಆಯುಷ್ಯವೆಲ್ಲ ಹಾರ್ನಿನ ಬಾಯಿಗೆ ಕಿವಿ ಕೊಟ್ಟವರು, ಸಣ್ಣ ಸ್ವರ ಅವರಿಗೆ ಕೇಳುವುದು ನಿಂತಿತ್ತು. ಮಾತು ಕೇಳುತ್ತಿತ್ತು, ಹಾಡು ಕೇಳುತ್ತಿತ್ತು, ಬಾಗಿಲು ತಟ್ಟಿದರೂ ಕೇಳುತ್ತಿತ್ತು. ಹಾಗಾಗಿ ಅವರಿಗಾಗಲೀ ಮನೆಯವರಿಗಾಗಲೀ ಗೊತ್ತಾಗುವ ದಾರಿಯೇ ಇರಲಿಲ್ಲ.

ಗಿರಾಕಿಗಳಿಗೆ ಮಾತ್ರ ಗೊತ್ತಿತ್ತು. ಲಿಂಗಸುಗೂರಿನಲ್ಲಿ ಸೌಂಡ್ ಸರ್ವಿಸ್ ನಡೆಸುವ ಒಬ್ಬರು ಅಬ್ಬಾ ನಮಾಜಿಗೆ ಹೋದ ಹೊತ್ತು ನೋಡಿ ಬಂದರು.

"ಉಸ್ತಾದ್‌ರ ಮುಂದ ಬಾಯಿ ಬರಂಗಿಲ್ಲ ತಂಗಿ. ಬಾಕ್ಸ್ ಏನೋ ಗಟ್ಟಿ ಅದಾವ. ಹಾರ್ನು ಮಾತ್ರ ಕಿವಿ ಕೊಯ್ತಾವ. ಮದಿವ್ಯಾಗ ಕೂಸುಗಳು ಚಿಟ್ಟನ ಚೀರ್ತಾವ. ನಾವು ಒಯ್ದ ಮ್ಯಾಲ ಇಳಿಸ್ಕೊಂತೀವಿ ಬಿಡು."

"ಅವರಿಗೇ ಹೇಳ್ರಲ್ಲ."

"ಹುಲಿ ಬಾಯಾಗ ಯಾರು ಕೈ ಇಡ್ತಾರವ್ವಾ?"

ಅವರು ಬಂದ ಕೆಲಸ ಬೇರೆಯೇ ಇತ್ತು. ಗಾಡಿಯಿಂದ ಬಿದ್ದು ಒಡೆದ ಎರಡು ಕಂಪನಿ ಬಾಕ್ಸುಗಳ ಒಳಗಿನ ಸ್ಪೀಕರ್ ತಂದಿದ್ದರು. ನೋಡಿದರೆ ಕೋಯಾಕ್ಸಿಯಲ್. ವೂಫರಿನ ನಟ್ಟನಡುವೆ ತೂತು, ಅದರ ಹಿಂದೆ ಮ್ಯಾಗ್ನೆಟ್ಟಿನೊಳಗೆ ಅಡಗಿದ ಟ್ವೀಟರ್. ದಪ್ಪ ಸ್ವರ, ಸಣ್ಣ ಸ್ವರ ಎರಡೂ ಒಂದೇ ಬಾಯಿಂದ ಬರುತ್ತವೆ. ನಮ್ಮ ಕಡೆ ಈ ಮಾದರಿ ಎಲ್ಲರಿಗೂ ಗೊತ್ತು, ಆಟೋದಲ್ಲಿ, ಕಾರಿನಲ್ಲಿ ಇರುವುದು ಇದರ ಅಗ್ಗದ ತಮ್ಮ. ಆ ಕಾರಣಕ್ಕೇ ಅದಕ್ಕೆ ಮರ್ಯಾದೆಯಿಲ್ಲ. "ನಮಗ ಉಪಯೋಗಿಲ್ಲ, ನೀ ಏನರ ಮಾಡ್ಕೋ" ಎಂದು ಕೊಟ್ಟು ಹೋದರು. ಅಬ್ಬಾ ಬಂದು ನೋಡಿ, "ಆಟೋದಾಗ ಹಚ್ಚು" ಎಂದರು.

ಅದೇ ವಾರ ಮಸ್ಕಿಯಿಂದ ಒಂದು ಸಮುದಾಯ ಭವನದ ಕಾರ್ಯದರ್ಶಿ ಬಂದರು. ಶ್ರಾವಣದಲ್ಲಿ ಪುರಾಣ ಹೇಳಿಸುವವರಿದ್ದರು. ಭವನದ ಹೆಣ್ಣುಮಕ್ಕಳ ಕಡೆ ಒಂದು ಅಕ್ಷರವೂ ತಿಳಿಯುವುದಿಲ್ಲವೆಂದು ದೂರು. ನಾವಿಬ್ಬರೂ ಮಸ್ಕಿಗೆ ಹೋದೆವು. ತೊಲೆಗಳು ತಗ್ಗಿದ್ದ, ಅಗಲವಾದ ಭವನ. ಬಾಕ್ಸುಗಳನ್ನು ನಿಲ್ಲಿಸಿದರೆ ತಲೆ ತಾಗುತ್ತದೆಂದು ಅಡ್ಡ ಮಲಗಿಸಿ ತೂಗುಹಾಕಿದ್ದರು. ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು, ನಡುವೆ ಮುಂದಿನ ಸಾಲಿನಲ್ಲಿ ಕಮಿಟಿಯವರು ಕೂರುವುದು ಅಲ್ಲಿನ ಪದ್ಧತಿ.

ಪುರಾಣದ ಒಂದು ರೆಕಾರ್ಡಿಂಗ್ ಹಚ್ಚಿಸಿ ನಾನು ಗೋಡೆಯಿಂದ ಗೋಡೆಗೆ ನಡೆದೆ. ನಡುವೆ ಮಾತು ಸ್ಪಷ್ಟ ಇತ್ತು. ಎಡಕ್ಕೆ ಸರಿದಂತೆ ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗಾಯಿತು, ಇನ್ನೆರಡು ಹೆಜ್ಜೆ ಸರಿದರೆ ಮತ್ತೆ ಬೇರೆಯಾಯಿತು. ಕಾರಣ ಕಷ್ಟದ್ದೇನಲ್ಲ. ಮಲಗಿಸಿದ ಬಾಕ್ಸಿನಲ್ಲಿ ಹಾರ್ನು ಒಂದು ತುದಿಗೆ, ವೂಫರ್ ಇನ್ನೊಂದು ತುದಿಗೆ. ಎರಡರ ಪಾಲಿಗೂ ಬೀಳುವ ಸ್ವರಗಳು ಬದಿಗೆ ಕೂತವರಿಗೆ ಎರಡು ಬಾಯಿಂದ ಹಿಂದೆಮುಂದೆಯಾಗಿ ಬಂದು ಒಂದನ್ನೊಂದು ತಿನ್ನುತ್ತವೆ. ನಡುವಿನವರಿಗೆ ಎರಡೂ ಒಟ್ಟಿಗೆ ಬರುವುದರಿಂದ ಏನೂ ಗೊತ್ತಾಗುವುದಿಲ್ಲ.

"ಹಾರ್ನ್ ಕಮ್ಮಿ ಐತಿ," ಎಂದರು ಅಬ್ಬಾ. "ನನ್ನ ಬಾಕ್ಸ್ ಹಚ್ಚಿ ಹಾರ್ನ್ ಜೋರ್ ಮಾಡಿದ್ರ ಮಾತು ತಾನ ತಿಳಿತಾವ."

ಗಿರಾಕಿಯ ಎದುರು ನಾನು ಅವರ ಮಾತಿಗೆ ಎದುರಾಡಿದ್ದು ಅದೇ ಮೊದಲು. "ಹಾರ್ನಿನ ತಪ್ಪಲ್ಲ ಅಬ್ಬಾ. ಬಾಕ್ಸ್ ಮಲಗಿಸ್ಯಾರ, ಅದಕ್ಕ ಹಿಂಗಾಗೈತಿ. ಇಲ್ಲಿಗೆ ಒಂದ ಬಾಯಿಂದು ಬೇಕು. ಕೋಯಾಕ್ಸಿಯಲ್ ಹ್ಯಾಂಗ ಮಲಗಿಸಿದ್ರೂ ಒಂದ."

"ಕುಣಿಲಾರದಾಕಿ ನೆಲ ಡೊಂಕ ಅಂದಿದ್ದಳಂತ," ಎಂದು ಅಬ್ಬಾ ಕಾರ್ಯದರ್ಶಿಯ ಕಡೆ ನೋಡಿ ನಕ್ಕರು. ಅವರು ನಗಲಿಲ್ಲ. ಅತ್ತ ಉಸ್ತಾದ್, ಇತ್ತ ಉಸ್ತಾದರ ಮಗಳು. "ಎರಡೂ ತರ್ರೆಲ್ಲ. ಪರದೆ ಕಟ್ಟಿ ಕೇಳೂಣು. ಮಂದಿಗೆ ಯಾವ್ದು ಚಲೋ ಅನಸ್ತೈತಿ ಅದ ಹಚ್ಚೂಣು," ಎಂದು ಜಾರಿಕೊಂಡರು.

ಅಬ್ಬಾರಿಗೆ ಹುರುಪು ಬಂತು. "ಆತು. ಇಕಿದು ಗೆದ್ದರ ಇನ್ ಮ್ಯಾಲ ಅಂಗಡಿ ಟ್ಯೂನಿಂಗ್ ಇಕಿದ. ನಾ ನಾಬ್ ಮುಟ್ಟಂಗಿಲ್ಲ. ನಂದು ಗೆದ್ದರ ಇಕಿ ಈ ಆಟೋ ಸ್ಪೀಕರಿನ ಹೆಸರು ಎತ್ತಬಾರದು."

ಹಾಸ್ಯಕ್ಕೆ ಅಂದರೋ ಛಲಕ್ಕೆ ಅಂದರೋ, ನನಗೆ ಅದು ದೇವರೇ ಕೊಟ್ಟ ದಾರಿ ಅನ್ನಿಸಿತು. ಅವರ ಕಿವಿ ಹೋಗಿದೆ ಎಂದು ಹೇಳುವುದು ನನ್ನಿಂದಾಗದ ಮಾತು. ಹೇಳದೆ ಬಿಟ್ಟರೆ ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿ ಹುಡುಕುತ್ತಾರೆ. ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಈಗ ನನ್ನ ಕೋಯಾಕ್ಸಿಯಲ್ ಗೆದ್ದರೆ ಅಬ್ಬಾ ಒಂದು ಹೊಸ ಮಾದರಿಗೆ ಸೋತ ಹಾಗಾಗುತ್ತದೆ, ಮುಪ್ಪಿಗಲ್ಲ. ನಾಬ್ ಮರ್ಯಾದೆಯಿಂದ ನನ್ನ ಕೈಗೆ ಬರುತ್ತದೆ. ಅಂಥ ಒಂದು ಸೋಲನ್ನು ಅವರಿಗೆ ಕಟ್ಟಿಕೊಡಲು ನಾನು ಕೂತೆ.

ಮೊದಲ ಪ್ರಯತ್ನ ಹಾಳಾಯಿತು. ಸ್ಪೀಕರ್ ಕೂರಿಸಿ ಹಚ್ಚಿದರೆ ಬುತ್ತಿಗಂಟು ಬಿಚ್ಚಿದರೆ ಒಳಗೆ ರೊಟ್ಟಿಯೇ ಇಲ್ಲದಂತೆ ಮಾತಿನ ನಡುವೆ ಏನೋ ಖಾಲಿ. ದಪ್ಪ ಸ್ವರ ಇದೆ, ಸಣ್ಣದೂ ಇದೆ, ಎರಡೂ ಸೇರುವ ಜಾಗದಲ್ಲಿ ಏನೂ ಇಲ್ಲ. ಟ್ವೀಟರ್ ಹಿಂದೆ ಮ್ಯಾಗ್ನೆಟ್ಟಿನೊಳಗೆ ಇರುವುದರಿಂದ ಅದರ ಸ್ವರ ಒಂದು ಗೇಣು ಹಿಂದಿನಿಂದ ಹೊರಡುತ್ತದೆ, ವೂಫರಿನದು ಮುಂದಿನಿಂದ. ನಡುಭಾಗದಲ್ಲಿ ಒಂದು ಒತ್ತುವಾಗ ಇನ್ನೊಂದು ಎಳೆಯುತ್ತಿತ್ತು. ಟ್ವೀಟರಿನ ಎರಡು ತಂತಿಗಳನ್ನು ಅದಲುಬದಲು ಮಾಡಿದೆ. ಖಾಲಿ ಜಾಗ ತುಂಬಿತು, ಪೂರ್ತಿ ಅಲ್ಲ. ಸ್ವರ ಹಂಚುವ ಗಡಿಯನ್ನು ಮೇಲೆ ಕೆಳಗೆ ಸರಿಸುತ್ತ ಹೋದೆ. ಪುರಾಣದವರ ದನಿ ಎದುರು ಕೂತು ಮಾತಾಡಿದಂತೆ ಆಗುವವರೆಗೂ ಬಿಡಲಿಲ್ಲ.

ಆಮೇಲೆ ಡೊಳ್ಳಿನ ಹಾಡು ಹಚ್ಚಿದೆ. ಮಾತು ನಡುಗಿತು. ಇದು ಕೋಯಾಕ್ಸಿಯಲ್ಲಿನ ಹುಟ್ಟುಗುಣ. ಟ್ವೀಟರಿನ ಸ್ವರ ಹೊರಗೆ ಬರುವುದು ವೂಫರಿನ ಕೋನನ್ನೇ ಬಾಯಿ ಮಾಡಿಕೊಂಡು. ಡೊಳ್ಳಿಗೆ ಆ ಕೋನ್ ಮುಂದೆ ಹಿಂದೆ ಕುಣಿದರೆ ಅದರ ನಡುವಿಂದ ಬರುವ ಮಾತೂ ಕುಣಿಯುತ್ತದೆ. ಬಿಡಿಬಿಡಿಯಾಗಿ ಹಾರ್ನು, ವೂಫರ್ ಇರುವ ನಮ್ಮ ಹಳೆಯ ಬಾಕ್ಸಿನಲ್ಲಿ ಆ ತೊಂದರೆ ಇಲ್ಲ. ಕೋಯಾಕ್ಸಿಯಲ್ ಎಂದರೆ ಎಲ್ಲದರಲ್ಲೂ ಮೇಲು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕುಣಿತದ ಹಾಡಿಗೆ ನಾನು ಇವತ್ತಿಗೂ ಅದನ್ನು ಕೊಡುವುದಿಲ್ಲ. ಭವನದಲ್ಲಿ ಬೇಕಾದದ್ದು ಮಾತು, ಹಾಗಾಗಿ ತೀರ ದಪ್ಪ ಸ್ವರವನ್ನು ಕತ್ತರಿಸಿ ಹಾಕಿದೆ. ಕೋನ್ ಶಾಂತವಾಯಿತು, ಮಾತು ನಿಂತಿತು.

ಬಾಕ್ಸನ್ನು ಮಲಗಿಸಿ, ಅದರ ಮುಂದೆ ಅರ್ಧಚಂದ್ರದಂತೆ ನಡೆದು ಕೇಳಿದೆ. ಎಲ್ಲಿ ನಿಂತರೂ ಅದೇ ಮನುಷ್ಯ, ಅದೇ ಮಾತು. ಆಯುಷ್ಯದಲ್ಲಿ ನಾನು ಮಾಡಿದ ಅತಿ ಒಳ್ಳೆಯ ಬಾಕ್ಸ್ ಅದು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಅಬ್ಬಾ ಬಂದು ಕೇಳಿದರು. ಹತ್ತಿರ ಬಗ್ಗಿ ಕೇಳಿದರು, ರಸ್ತೆಯ ಆಚೆ ನಿಂತು ಕೇಳಿದರು. ಮರಳಿ ಬಂದು, "ಇದರಾಗ ಜೀವಾನ ಇಲ್ಲ ಬೇಟಾ. ಕಂಬಳಿ ಹೊಚ್ಚಿ ಮಲಗಿಸಿದಂಗ ಐತಿ," ಎಂದರು. ಅಣಕಿಸುವ ದನಿಯಲ್ಲ, ಮರುಕದ ದನಿ. ಅವರ ಕಿವಿಗೆ ಅದು ಹಾಗೆಯೇ ಕೇಳಿರಬೇಕು. ನಾನು ತಂತಿ ಸುತ್ತಿಟ್ಟೆ.

ಪರೀಕ್ಷೆ ಒಂದು ಭಾನುವಾರ ಬೆಳಿಗ್ಗೆ. ಭವನದ ತೊಲೆಯ ಕೆಳಗೆ ಅಬ್ಬಾರ ಬಾಕ್ಸ್, ನನ್ನ ಬಾಕ್ಸ್ ಎರಡನ್ನೂ ಒಂದರ ಮಗ್ಗುಲಲ್ಲೊಂದು ಮಲಗಿಸಿ, ಮುಂದೆ ಶಾಮಿಯಾನದ ಬಟ್ಟೆ ಎಳೆದೆವು. ಮಿಕ್ಸರ್, ಕ್ರಾಸೋವರ್ ಬಟ್ಟೆಯ ಹಿಂದೆ, ಅಲ್ಲಿ ಕೂರುವವಳು ನಾನೊಬ್ಬಳೇ. ಕಮಿಟಿಯವರು ನಡುವಿನ ಸಾಲಿನಲ್ಲಿ ಕೂತರು. ಎಡಕ್ಕೆ ಹೆಂಗಸರೂ ಬಂದು ಕೂತಿದ್ದರು.

ಕೇಳಿಸುವ ಮೊದಲು ಅಬ್ಬಾ ತಮ್ಮ ಬಾಕ್ಸಿನ ಟ್ಯೂನಿಂಗ್ ಮಾಡಬೇಕೆಂದರು. ಅವರು ಹೊರಬಾಗಿಲಿಗೆ ಹೋಗಿ ನಿಂತರು. ನಾನು ಬಟ್ಟೆಯ ಅಂಚಿನಿಂದ ಅವರನ್ನು ನೋಡುತ್ತ, "ಬಿಸಿ ಬಿಸಿ ಸಾಸ್ವಿ" ಶುರು ಮಾಡಿದೆ. ಕೈ ಎತ್ತಿದರು, ಏರಿಸಿದೆ. ಇನ್ನೂ ಎತ್ತಿದರು, ಇನ್ನೂ ಏರಿಸಿದೆ. ಸಾಸಿವೆಯ ಒಂದೊಂದು ಸಕಾರವೂ ಸೂಜಿಯಾಯಿತು. ನಡುವಿನ ಸಾಲಿನಲ್ಲಿ ಯಾರೋ ಟವಲ್ ಕಿವಿಗೆ ಸುತ್ತಿಕೊಂಡರು. ಇನ್ನೊಬ್ಬ ಮಗ್ಗುಲಿನವನಿಗೆ ಅಂದದ್ದು ನನಗೆ ಬಟ್ಟೆಯ ಹಿಂದೆಯೂ ಕೇಳಿಸಿತು. "ಉಸ್ತಾದ್‌ಗ ಕಿವುಡ ಹತ್ಯಾವೇನಲೇ?" ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಬಾಗಿಲಲ್ಲಿ ಅಬ್ಬಾ ಅಂಗೈ ತೋರಿಸಿ ನಿಲ್ಲಿಸಿದರು. ಮುಖದಲ್ಲಿ ಸಮಾಧಾನ. ಬಿಳಿ ಜುಬ್ಬಾ ಹಾಕಿಕೊಂಡು ಬಂದಿದ್ದರು, ಇಂಥ ದಿನಕ್ಕೆಂದೇ ಇಸ್ತ್ರಿ ಮಾಡಿಸಿದ್ದು. ಇನ್ನೊಂದು ಗಳಿಗೆಯಲ್ಲಿ ಆ ಹಾರ್ನು ಜೋರಾಗಿ ಹಾಡುತ್ತದೆ, ಭವನಕ್ಕೆ ಭವನವೇ ಕಿವಿ ಮುಚ್ಚುತ್ತದೆ, ಯಾರದ್ದು ಎಂದು ಬಟ್ಟೆ ಸರಿಸುತ್ತಾರೆ. ಆಗ ಸೋಲುವುದು ಬಾಕ್ಸ್ ಅಲ್ಲ. ಬಾಯಿಗೆ ಅಡ್ಡ ಹಿಡಿದ ಕೈ ತೆಗೆದು ಮಂದಿ ನಗುತ್ತಾರೆ, ಸಂಜೆಗೆ ಆ ನಗು ಸಿಂಧನೂರು ಮುಟ್ಟುತ್ತದೆ.

ನಾನು ಹಾರ್ನಿನ ನಾಬ್ ಇಳಿಸಿದೆ. ಫೋನಿನಲ್ಲಿ ಶಬ್ದ ಅಳೆಯುವ ಆ್ಯಪ್ ತೆರೆದು, ಎರಡೂ ಬಾಕ್ಸುಗಳ ಜೋರು ಒಂದೇ ಆಗುವಂತೆ ಹೊಂದಿಸಿದೆ. ಅದನ್ನು ಹೇಗೂ ಮಾಡಬೇಕಿತ್ತು. ಒಂದು ಚೂರು ಜೋರಾಗಿರುವುದೇ ಮಂದಿಗೆ ಚಲೋ ಅನ್ನಿಸುತ್ತದೆ. ಆದರೆ ಹಾರ್ನು ಇಳಿಸಿದ್ದು ಅದಕ್ಕಲ್ಲ. ಇಳಿಸಿದರೂ ನನ್ನ ಬಾಕ್ಸೇ ಗೆಲ್ಲುತ್ತದೆ ಎಂಬ ಸೊಕ್ಕು ನನಗಿತ್ತು. ಎಡಗಡೆ ಕೂತವರಿಗೆ ಸತ್ಯ ಗೊತ್ತಾಗಿಯೇ ತೀರುತ್ತದೆ ಅಂದುಕೊಂಡೆ.

ಪುರಾಣದ ಅದೇ ತುಣುಕನ್ನು ಮೊದಲು ಅಬ್ಬಾರ ಬಾಕ್ಸಿನಲ್ಲಿ, ಆಮೇಲೆ ನನ್ನದರಲ್ಲಿ ಕೇಳಿಸಿದೆ. ಅದೇ ಕ್ರಮದಲ್ಲಿ ಮತ್ತೊಮ್ಮೆ ಕೇಳಿಸಿದೆ. ಅಬ್ಬಾ ಬಾಗಿಲಿನಿಂದ ಬಂದು ಕಮಿಟಿಯವರ ಜೊತೆಗೇ ಕೂತಿದ್ದರು. ಹಾರ್ನು ಇಳಿದದ್ದು ಅವರಿಗೆ ತಿಳಿಯಲಿಲ್ಲವೋ, ಭವನದ ಗುಣ ಅಂದುಕೊಂಡರೋ, ಹುಬ್ಬು ಗಂಟಿಕ್ಕಿ ಕೂತಿದ್ದರು.

"ನನಗೇನೋ ಎರಡೂ ಒಂದ ಅನಸ್ತಾವ್ರಿ," ಎಂದರು ಕಾರ್ಯದರ್ಶಿ. ನಡುವಿನ ಸಾಲಿನವರೆಲ್ಲ ತಲೆಯಾಡಿಸಿದರು. ಅನ್ನಿಸಲೇಬೇಕು. ಆ ಬಾಕ್ಸುಗಳು ಬೇರೆ ಬೇರೆ ಎಂದು ಗೊತ್ತಾಗದ ಒಂದೇ ಜಾಗದಲ್ಲಿ ಅವರು ಕೂತಿದ್ದರು.

ಆಗ ಎಡಗಡೆಯಿಂದ ಒಬ್ಬ ಅಜ್ಜಿ ಎದ್ದು ನಿಂತರು. ಪಾಮನಕಲ್ಲೂರಿನಿಂದ ಮಗಳ ಮನೆಗೆ ಬಂದವರು, ಪುರಾಣ ಎಂದರೆ ಊಟ ಬಿಡುವವರು. "ಎಪ್ಪಾ, ಎರಡನೇದ್ರಾಗ ಒಂದೊಂದ್ ಮಾತೂ ತಿಳಿದ್ವು ನೋಡು. ಮೊದಲನೇದು ಬುರುಬುರು ಅಂತು."

"ನೀವು ಹೆಣ್ಮಕ್ಕಳು ಮಾತಾಡ್ಕೋತ ಕುಂತಿರ್ತೀರಿ ಯಮ್ಮಾ, ಎಲ್ಲಿಂದ ತಿಳಿಬೇಕು?" ಎಂದರು ಕಾರ್ಯದರ್ಶಿ. ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕು ಕೂತುಬಿಟ್ಟರು. ಹೆಂಗಸರಿಗೆ ಕೇಳಿಸುವುದಿಲ್ಲ ಎಂದು ಶುರುವಾದ ಕೆಲಸದಲ್ಲಿ ಹೆಂಗಸರನ್ನು ಕೇಳಿದ್ದು ಅಷ್ಟೇ.

ಬಟ್ಟೆ ಸರಿಸಿದರು. ಒಂದು ಕಡೆ ಅಬ್ಬಾರ ದೊಡ್ಡ ಬಾಕ್ಸ್, ಪಾಲಿಶ್ ಹಾಕಿದ ಹಾರ್ನು ಮಿರಮಿರ. ಇನ್ನೊಂದು ಕಡೆ ನನ್ನ ಪುಟ್ಟ ಕರಿ ಡಬ್ಬಿ. ಎರಡೂ ಒಂದೇ ಎಂದ ಮೇಲೆ ದೊಡ್ಡದನ್ನು ಬಿಡುವ ಮೂರ್ಖರು ಯಾರು? ಯಾರೋ ಚಪ್ಪಾಳೆ ತಟ್ಟಿದರು. ಅಬ್ಬಾ ಎದ್ದು ಎದೆಯ ಮೇಲೆ ಕೈಯಿಟ್ಟು ಸಲಾಮ್ ಮಾಡಿದರು. ಆಮೇಲೆ ನನ್ನ ತಲೆ ನೇವರಿಸಿ, ಎಲ್ಲರಿಗೂ ಕೇಳುವಂತೆ, "ಆಟೋದಾಗ ಇದು ಒಂದ್ ನಂಬರ್ ಆಗ್ತೈತಿ ಬಿಡ್ರಿ," ಎಂದರು.

ನನಗೆ ಉರಿದುಹೋಯಿತು. ನಾಬ್ ಇದ್ದಲ್ಲಿಗೆ ತಿರುಗಿಸಿ, ಈಗ ಕೇಳ್ರಿ, ಇದು ಇವರು ಇಟ್ಟ ಟ್ಯೂನಿಂಗ್ ಎನ್ನಬೇಕೆಂದು ಬೆರಳು ತುಡಿಯಿತು. ಅನ್ನಲಿಲ್ಲ. ಅವರ ಮರ್ಯಾದೆ ಉಳಿಸಿದೆ ಎಂದು ಯಾರೂ ನನ್ನನ್ನು ಹೊಗಳುವುದು ಬೇಡ. ಅವತ್ತು ವಾಪಸು ಬರುವ ದಾರಿಯುದ್ದಕ್ಕೂ ನಾನು ಅವರನ್ನು ದ್ವೇಷಿಸುತ್ತಲೇ ಬಂದೆ.

ಪುರಾಣ ಶುರುವಾಗುವ ದಿನ ಬೇಗ ಹೋಗಿ ಬಾಕ್ಸುಗಳನ್ನು ಹೊಂದಿಸಿದೆ. ಹಾರ್ನು ಪರೀಕ್ಷೆಯ ದಿನ ಎಷ್ಟಿತ್ತೋ ಅಷ್ಟೇ ಇಟ್ಟೆ. ಹೆಂಗಸರ ಕಡೆಯ ಬುರುಬುರು ತಪ್ಪುವಂತಿರಲಿಲ್ಲ, ಕಿವಿಯಾದರೂ ಉಳಿಯಲಿ ಎಂದು. ಅಬ್ಬಾ ಮಧ್ಯಾಹ್ನ ಬಂದರು. ಭವನ ತುಂಬಿತ್ತು. ಪುರಾಣದವರು ಗದ್ದುಗೆಯ ಮೇಲೆ ಕೂತು ಶ್ಲೋಕ ಹೇಳುತ್ತ ಮೈಕನ್ನು ಬಾಯಿಯ ಎತ್ತರಕ್ಕೆ ಸರಿಮಾಡಿಕೊಳ್ಳುತ್ತಿದ್ದರು. ಅಬ್ಬಾ ಬಾಗಿಲಲ್ಲೇ ನಿಂತು ತಲೆ ಓರೆ ಮಾಡಿ ಕೇಳಿದರು. ಮುಖ ಕೆಟ್ಟಿತು. ಮಂದಿಯ ನಡುವೆಯೇ ದಾಟಿಕೊಂಡು ಮುಂದೆ ಬಂದರು.

"ಯಾರು ಇಳಿಸ್ಯಾರ ಇದನ್ನ?"

ಕಾರ್ಯದರ್ಶಿ ನನ್ನನ್ನು ನೋಡಿದರು. "ನಿಮ್ಮ ಮಗಳ ಸೆಟ್ ಮಾಡ್ಯಾಳ್ರೀ ಉಸ್ತಾದ್. ಚಲೋನ ಐತಲ್ರಿ..."

ಅಬ್ಬಾ ಮಿಕ್ಸರಿನ ಮುಂದೆ ಕೂತು ಪರೀಕ್ಷೆಗೆಂದು ಇಟ್ಟಿದ್ದ ಎರಡನೆಯ ಮೈಕ್ ತೆಗೆದುಕೊಂಡರು. ತಾವೇ "ಬಿಸಿ ಬಿಸಿ ಸಾಸ್ವಿ" ಎನ್ನುತ್ತ, ತಮ್ಮ ಕಿವಿಗೆ ಸಾಸಿವೆ ಸಿಡಿಯುವವರೆಗೂ ನಾಬ್ ತಿರುಗಿಸಿದರು. ಹೆಂಗಸರ ಕಡೆ ಒಂದು ಕೂಸು ಚೀರಿ ಅತ್ತಿತು. ಪುರಾಣದವರು ಮೈಕನ್ನು ಬಾಯಿಂದ ದೂರ ಸರಿಸಿದರು. ಯಾರೂ ತುಟಿ ಬಿಚ್ಚಲಿಲ್ಲ. ಉಸ್ತಾದ್ ಅಲ್ಲವೇ.

ಅಬ್ಬಾ ಕಾರ್ಯದರ್ಶಿಯನ್ನು ಹತ್ತಿರ ಕರೆದರು. ಗುಟ್ಟಾಗಿ ಹೇಳುವವರಂತೆ ಬಗ್ಗಿದರು. ಮೈಕ್ ಕೈಯಲ್ಲೇ ಇತ್ತು, ಚಾಲೂ ಇತ್ತು.

"ಮಾಫ್ ಮಾಡ್ರಿ. ಹುಡುಗಿ ಕಿವಿ ಮಂದ ಆಗ್ಯಾವ. ಸಣ್ಣ ಸ್ವರ ಕೇಳಸಂಗಿಲ್ಲ ಅಕಿಗೆ. ಸ್ವರ ಸತ್ತಿದ್ರೂ ತಿಳಿವಲ್ದು. ಭಾಳ ದಿನದಿಂದ ನೋಡಾಕತ್ತೀನಿ, ಹ್ಯಾಂಗ ಹೇಳ್ಬೇಕಂತ ಸುಮ್ನಿದ್ದೆ."

ಅಷ್ಟೂ ಮಾತು ಅವರ ಹಾರ್ನಿನಿಂದ ಭವನದ ಮೂಲೆ ಮೂಲೆಗೆ ಹೋಯಿತು, ಒಂದೊಂದು ಸಕಾರವೂ ಕೊಯ್ಯುತ್ತ. ಅಷ್ಟು ಜನ ಒಟ್ಟಿಗೆ ನನ್ನ ಕಡೆ ತಿರುಗಿದರು. ಅಜ್ಜಿ ಕಣ್ಣಲ್ಲಿ ಅಯ್ಯೋ ಪಾಪ ಎಂಬ ಭಾವ. ನಾನು ಅಬ್ಬಾರ ಮುಖ ನೋಡಿದೆ. ಕಪಟವಿದ್ದಿದ್ದರೆ ಅಲ್ಲೇ ಬಾಯಿ ಬಿಡುತ್ತಿದ್ದೆನೇನೋ. ಇರಲಿಲ್ಲ. ಕಣ್ಣಲ್ಲಿ ನೀರಿತ್ತು. ಹೇಳಲಾಗದೆ ಇಷ್ಟು ದಿನ ನಾನು ನುಂಗಿಕೊಂಡಿದ್ದನ್ನೇ ಅವರೂ ನನ್ನ ಬಗ್ಗೆ ನುಂಗಿಕೊಂಡಿದ್ದರು.

ಸುದ್ದಿ ನನಗಿಂತ ಮೊದಲು ಸಿಂಧನೂರು ತಲುಪಿತ್ತು. ಕಾಯಿಲ್ ಸುತ್ತಿಸಲು ಬಂದವರು ನನ್ನೊಡನೆ ಜೋರಾಗಿ, ಬಿಡಿಸಿ ಬಿಡಿಸಿ ಮಾತಾಡತೊಡಗಿದರು. ಬಾಕ್ಸ್ ಕೊಡುವಾಗ, "ಉಸ್ತಾದ್‌ರಿಗೆ ಒಮ್ಮೆ ಕೇಳಸವ್ವಾ" ಎನ್ನುವುದು ರೂಢಿಯಾಯಿತು. ಮಸ್ಕಿಯ ಕಾರ್ಯದರ್ಶಿ ಫೋನ್ ಮಾಡಿ ಪಿಸುಮಾತಿನಲ್ಲಿ, "ಹಾರ್ನ್ ಭಾಳ ಚುಚ್ಚಾಕತ್ತೈತಿ, ಉಸ್ತಾದ್‌ರಿಗೆ ಗೊತ್ತಾಗದಂಗ ಬಂದು ಇಳಿಸಿ ಹೋಗು ತಂಗಿ," ಎಂದರು. ಪಿಸುಮಾತಾಡಿದ ಅವರೇ ಮರುಗಳಿಗೆ, "ಕೇಳ್ತೈತಿಲ್ಲ ನಿನಗ?" ಎಂದು ಒದರಿದರು. ಉಸ್ತಾದರಿಗೇ ಹೇಳಿರಿ ಎಂದು ಇಟ್ಟುಬಿಟ್ಟೆ. ಹೇಳಲಿಲ್ಲ. ಶ್ರಾವಣವೆಲ್ಲ ಆ ಹೆಂಗಸರು ಸೂಜಿ ಚುಚ್ಚಿಸಿಕೊಂಡು, ಅರ್ಧ ತಿಳಿದು ಅರ್ಧ ಬಿಟ್ಟು ಪುರಾಣ ಕೇಳಿದರು.

ಕೋಯಾಕ್ಸಿಯಲ್ ಚಲೋನಾ, ಮಾಮೂಲಿ ಚಲೋನಾ ಎಂದು ಈಗಲೂ ಕೆಲವರು ಕೇಳುತ್ತಾರೆ. ನೀವು ಎಲ್ಲಿ ಕೂತು ಕೇಳುತ್ತೀರಿ, ನಾಬ್ ಯಾರ ಕೈಯಲ್ಲಿದೆ ಎಂದು ತಿರುಗಿ ಕೇಳುತ್ತೇನೆ. ಕಿವುಡಿ ಏನೋ ಒದರುತ್ತಾಳೆ ಎಂಬಂತೆ ನಗುತ್ತಾರೆ.

ಮೊನ್ನೆ ಲಿಂಗಸುಗೂರಿನವರು ಅಂಗಡಿಗೆ ಬಂದಿದ್ದರು. ಅಬ್ಬಾ ಮನೆಯಿಂದ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯನ್ನು ಪುಟ್ಟ ಬಟ್ಟಲಲ್ಲಿ, ಮೇಲೆ ಬಟ್ಟೆ ಮುಚ್ಚಿಕೊಂಡು ಬಂದರು. ಆರಬಾರದೆಂದು ಬೇಗ ಬೇಗ ನಡೆದು ಬಂದಿದ್ದರಿಂದ ಏದುಸಿರು ಬಿಡುತ್ತಿದ್ದರು.

"ಇಲ್ಲಿ ಮಲಗು ಬೇಟಾ. ನಮ್ಮ ಅಮ್ಮಿ ಇದರಿಂದನ ಎಷ್ಟ್ ಮಂದೀದು ಕಿವಿ ಸುದ್ದ ಮಾಡಿದ್ಲು."

ಗಿರಾಕಿಯ ಎದುರು ಬೇಡ ಎನ್ನಲು ಬಾಯಿ ತೆರೆದೆ. ಲಿಂಗಸುಗೂರಿನವರ ಕಡೆ ನೋಡಿದೆ. ಹಾರ್ನು ಕಿವಿ ಕೊಯ್ಯುತ್ತದೆ ಎಂದು ಮೊದಲು ಹೇಳಿದವರು ಅವರೇ, ಎಲ್ಲ ಬಲ್ಲವರು. ಒಂದು ಮಾತು ಆಡಬಹುದಿತ್ತು. ಅವರು ಕಟ್ಟೆಯ ಮೇಲಿನ ವೂಫರ್ ಎತ್ತಿ ಅದರ ಮ್ಯಾಗ್ನೆಟ್ ನೋಡತೊಡಗಿದರು.

ಬೆಂಚಿನ ಮೇಲೆ ಮಲಗಿ ಅಬ್ಬಾರ ತೊಡೆಗೆ ತಲೆ ಕೊಟ್ಟೆ. ಎಣ್ಣೆ ಬೆಚ್ಚಗೆ ಕಿವಿಯೊಳಗೆ ಇಳಿಯಿತು. ಅದನ್ನು ಅರಳೆಯಿಂದ ಮುಚ್ಚಿ, ನನ್ನ ತಲೆ ತುಸು ಎತ್ತಿ ಇನ್ನೊಂದು ಕಿವಿಯ ಹತ್ತಿರ ಬಗ್ಗಿ, ಉಸಿರಿಗಿಂತ ಮೆಲ್ಲಗೆ, "ಬಿಸಿ ಬಿಸಿ ಸಾಸ್ವಿ, ಹಸಿ ಹಸಿ ಹುಣಸಿ" ಎಂದರು. ಒಂದೊಂದು ಸಕಾರವೂ ನನಗೆ ಕೇಳಿಸಿತು.

"ಕೇಳಿಸ್ತೇನು?"

"ಕೇಳಿಸ್ತು ಅಬ್ಬಾ."

"ಸುಳ್ಳ ಹೇಳಬ್ಯಾಡ," ಎಂದರು. "ನನಗ ಕೇಳಿಸಿಲ್ಲ, ಅಷ್ಟ್ ಸಣ್ಣಗ ಅಂದೀನಿ. ಆ ಕಿವಿ ಈ ಕಡೆ ಮಾಡು."

ನಾನು ಮಗ್ಗುಲು ಬದಲಿಸಿದೆ.